ಸಂಪಾದಕರ ಉತ್ತರ: ಕೊಸಾಂಬಿ ಮತ್ತು ಸೈಟೇಶನ್ ಲೆಕ್ಕ

ಡೊಂಬಿವಲಿಯ ಓದುಗರೊಬ್ಬರ ಪತ್ರದ ಸಾರ ಹೀಗಿದೆ: 'ಕಳೆದ ಸಂಚಿಕೆಯಲ್ಲಿ ಗಣಿತಜ್ಞ, ಇತಿಹಾಸಕಾರ ಡಿ.ಡಿ. ಕೊಸಾಂಬಿಯವರನ್ನು ಐದಾರು ಶಾಸ್ತ್ರಗಳಲ್ಲಿ ಜಗತ್ತೇ ಉಲ್ಲೇಖಿಸುವ ವಿದ್ವಾಂಸರೆಂದು ಬರೆದಿದ್ದೀರಿ. ಪುಣೆಯಲ್ಲಿ ಪಿಎಚ್.ಡಿ. ಮಾಡುತ್ತಿರುವ ನನ್ನ ಮಗಳು ಹುಡುಕಿ ನೋಡಿದಳು. ವಿಜ್ಞಾನದಲ್ಲಿ ಒಂದು ಪ್ರಬಂಧ ಬಿಟ್ಟರೆ ಉಳಿದವುಗಳ ಸೈಟೇಶನ್ (ಬೇರೆ ಸಂಶೋಧಕರು ಉಲ್ಲೇಖಿಸಿದ ಲೆಕ್ಕ) ಅಷ್ಟಕ್ಕಷ್ಟೇ ಎನ್ನುತ್ತಾಳೆ. ಎಲ್ಲದರಲ್ಲೂ ಕೈಯಾಡಿಸಿ ಯಾವುದರಲ್ಲೂ ಆಳಕ್ಕಿಳಿಯದವರು ಎಂದು ತಿಳಿಯಬೇಕೆ?'

ಮಾನ್ಯರೇ, 'ಜಗತ್ತೇ ಉಲ್ಲೇಖಿಸುವ' ಎಂಬುದು ಉತ್ಸಾಹದ ಮಾತು. ಅದನ್ನು ಕರಡಿನಲ್ಲೇ ಹೊಡೆದುಹಾಕಬೇಕಿತ್ತು, ನಾನು ಹೊಡೆಯಲಿಲ್ಲ. ನಿಮ್ಮ ಮಗಳ ಎಣಿಕೆಯ ಬಗ್ಗೆಯೂ ನನಗೆ ತಕರಾರಿಲ್ಲ. ಆ ಎಣಿಕೆಯಿಂದ ನೀವು ತೆಗೆದ ತೀರ್ಮಾನವನ್ನು ಮಾತ್ರ ಒಪ್ಪಲಾರೆ.

ನಿಮ್ಮ ಮಗಳು ಹೇಳುವ ಆ ಒಂದು ಪ್ರಬಂಧ 1944ರದು, ತಳಿಶಾಸ್ತ್ರಕ್ಕೆ ಸೇರಿದ್ದು. ಕ್ರೋಮೋಸೋಮಿನ ಮೇಲೆ ಎರಡು ಜೀನುಗಳು ಎಷ್ಟು ದೂರದಲ್ಲಿವೆ ಎಂಬುದನ್ನು, ಸಂತತಿಯಲ್ಲಿ ಅವು ಎಷ್ಟು ಸಲ ಅಗಲಿದವು ಎಂಬುದರಿಂದ ಲೆಕ್ಕ ಹಾಕಬೇಕಾಗುತ್ತದೆ. 1919ರಲ್ಲಿ ಬ್ರಿಟಿಷ್ ತಳಿವಿಜ್ಞಾನಿ ಹಾಲ್ಡೇನ್ ಕೊಟ್ಟ ಸೂತ್ರವು ಒಂದು ಕಡೆಯ ಅಡ್ಡಹಾಯುವಿಕೆಗೂ (ಜೋಡಿ ಕ್ರೋಮೋಸೋಮುಗಳು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುವುದು) ಪಕ್ಕದ್ದಕ್ಕೂ ಸಂಬಂಧವಿಲ್ಲವೆಂದು ಭಾವಿಸಿತ್ತು. ಒಂದು ನಡೆದ ಜಾಗದ ಆಸುಪಾಸಿನಲ್ಲಿ ಇನ್ನೊಂದು ನಡೆಯುವುದು ವಿರಳ ಎಂಬುದನ್ನು ಕೊಸಾಂಬಿ ಲೆಕ್ಕದೊಳಕ್ಕೆ ತಂದರು. ನೂರರಲ್ಲಿ ಇಪ್ಪತ್ತು ಸಲ ಅಗಲುವ ಜೀನುಗಳ ದೂರ ಹಾಲ್ಡೇನ್ ಪ್ರಕಾರ 25.5 ಸೆಂಟಿಮಾರ್ಗನ್ (ಜೀನ್ ನಕ್ಷೆಯ ದೂರದ ಮಾನ) ಆದರೆ ಕೊಸಾಂಬಿಯವರ ಪ್ರಕಾರ 21.2. ಇಂದಿಗೂ ಜೀನ್ ನಕ್ಷೆ ಬರೆಯುವ ಸಾಫ್ಟ್‌ವೇರುಗಳು 'ಹಾಲ್ಡೇನೋ, ಕೊಸಾಂಬಿಯೋ?' ಎಂದು ಕೇಳುತ್ತವೆ. ಭತ್ತದ ಮೇಲೆ ಕೆಲಸ ಮಾಡುವವರು 'ಕೊಸಾಂಬಿ ಫಂಕ್ಷನ್ ಬಳಸಿದೆವು' ಎಂದು ಒಂದು ಸಾಲು ಬರೆದು, ಎಷ್ಟೋ ಸಲ ಮೂಲ ಪ್ರಬಂಧವನ್ನು ಹೆಸರಿಸದೆ ಮುಂದಕ್ಕೆ ಹೋಗುತ್ತಾರೆ. ಹೆಸರು ಸೂತ್ರದೊಳಗೆ ಬೆರೆತುಹೋದ ಮೇಲೆ ಎಣಿಸುವ ಯಂತ್ರಕ್ಕೆ ಅದು ಕಾಣುವುದಿಲ್ಲ.

ಹೆಸರೇ ಉಳಿಯದ ಕೆಲಸವೂ ಇದೆ. ಯಾದೃಚ್ಛಿಕ ಏರಿಳಿತವನ್ನು ಸರಳ ಬಿಡಿಭಾಗಗಳ ಮೊತ್ತವಾಗಿ ಬರೆಯುವ, ಸಂಖ್ಯಾಶಾಸ್ತ್ರದಲ್ಲಿ ಕಾರ್ಹುನೆನ್–ಲೊಯೆವ್ ವಿಸ್ತರಣೆ ಎಂದು ಇಬ್ಬರು ಗಣಿತಜ್ಞರ ಹೆಸರಿನಲ್ಲಿ ಪ್ರಸಿದ್ಧವಾದ ವಿಚಾರವನ್ನು ಅವರಿಬ್ಬರಿಗೂ ಮೊದಲೇ, 1943ರಲ್ಲಿ, ಕೊಸಾಂಬಿ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಯುದ್ಧದ ಆ ವರ್ಷಗಳಲ್ಲಿ ನಮ್ಮ ಪತ್ರಿಕೆಗಳನ್ನು ಯುರೋಪಿನಲ್ಲಿ ಓದುವವರು ಎಷ್ಟಿದ್ದಾರು? ಜ್ಯಾಮಿತಿಯಲ್ಲಿ ಮಾತ್ರ, ಒಂದು ಸಿದ್ಧಾಂತದ ಹೆಸರಿನಲ್ಲಿ, ಗಣಿತಜ್ಞರಾದ ಕಾರ್ಟಾನ್ ಮತ್ತು ಚರ್ನ್ ಜೊತೆ ಅವರ ಹೆಸರೂ ಉಳಿದಿದೆ.

ಇತಿಹಾಸಕ್ಕೆ ಬಂದರೆ ಅಳತೆಗೋಲೇ ಬೇರೆ. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದ ಎಚ್-ಇಂಡೆಕ್ಸ್‌ನ ಪ್ರಕಾರ, ಒಬ್ಬರ ಹತ್ತು ಬರಹಗಳಿಗೆ ತಲಾ ಹತ್ತಾದರೂ ಉಲ್ಲೇಖಗಳಿದ್ದರೆ ಅಂಕ ಹತ್ತು. ಮೂರೇ ಪುಸ್ತಕ ಬರೆದವರಿಗೆ, ಒಂದೊಂದಕ್ಕೂ ಸಾವಿರ ಉಲ್ಲೇಖಗಳು ಬಂದರೂ, ಅಂಕ ಮೂರನ್ನು ದಾಟದು. ಭಾರತೀಯ ಇತಿಹಾಸದ ಅಧ್ಯಯನ ಕುರಿತ ಕೊಸಾಂಬಿಯವರ 1956ರ ಗ್ರಂಥ ಪ್ರಾಚೀನ ಭಾರತದ ಬಗ್ಗೆ ಕೇಳುವ ಪ್ರಶ್ನೆಗಳನ್ನೇ ಬದಲಿಸಿತು. ಆದರೆ ಅದನ್ನು ಓದಿ ಕನ್ನಡದಲ್ಲೋ ಮರಾಠಿಯಲ್ಲೋ ಬರೆದವರ ಅಡಿಟಿಪ್ಪಣಿಗಳನ್ನು ಎಣಿಸುವವರು ಯಾರು?

ಇನ್ನು ಆಳದ ಮಾತು. ಮುದ್ರೆಯೊತ್ತಿದ ಪ್ರಾಚೀನ ಬೆಳ್ಳಿ ನಾಣ್ಯಗಳನ್ನು ಅವರು ಒಂದೊಂದಾಗಿ ತಕ್ಕಡಿಗಿಟ್ಟು ತೂಗಿದರು. ಕೈಯಿಂದ ಕೈಗೆ ಹೋದಷ್ಟೂ ನಾಣ್ಯ ಸವೆಯುತ್ತದೆ. ಹಿಂಬದಿಯಲ್ಲಿ ಪರೀಕ್ಷಕರ ಮುದ್ರೆಗಳು ಹೆಚ್ಚಿದಷ್ಟೂ ಸರಾಸರಿ ತೂಕ ಇಳಿಯುತ್ತದೆ. ತಕ್ಷಶಿಲೆಯ ನಿಧಿಗಳಲ್ಲಿ ಅವರು ಇದನ್ನು ಅಂಕಿಗಳಲ್ಲಿ ತೋರಿಸಿದರು. ಸಂಖ್ಯಾಶಾಸ್ತ್ರ ತಿಳಿಯದ ನಾಣ್ಯತಜ್ಞನಿಗೂ, ನಾಣ್ಯ ಮುಟ್ಟದ ಸಂಖ್ಯಾಶಾಸ್ತ್ರಿಗೂ ಇದು ಹೊಳೆಯುವಂಥದ್ದಲ್ಲ. ಇದನ್ನು ಕೈಯಾಡಿಸುವುದು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಾಗೆಂದು ಪಟ್ಟಿಯಲ್ಲಿರುವುದೆಲ್ಲ ಚಿನ್ನವಲ್ಲ. 1959ರಲ್ಲಿ ರೀಮಾನ್ ಊಹೆಯನ್ನು (ಅವಿಭಾಜ್ಯ ಸಂಖ್ಯೆಗಳ ಹಂಚಿಕೆಗೆ ಸಂಬಂಧಿಸಿದ ಪ್ರಸಿದ್ಧ ಗಣಿತ ಸಮಸ್ಯೆ) ಸಾಧಿಸುವ ಪ್ರಯತ್ನವನ್ನು ಅವರು ಕೃಷಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ವಾದ ನಿಲ್ಲಲಿಲ್ಲ, ಗಣಿತಜ್ಞರ ನಡುವೆ ಅವರ ಹೆಸರಿಗೆ ಪೆಟ್ಟು ಬಿತ್ತು. ಪತ್ರಿಕೆಯ ಆಯ್ಕೆಯೂ ಜಾಣತನದ್ದಾಗಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಆಮೇಲೆ ಕೆಲವು ಪ್ರಬಂಧಗಳನ್ನು ಎಸ್. ಡ್ಯೂಕ್ರೇ ಎಂಬ ಗುಪ್ತನಾಮದಲ್ಲಿ ಬರೆದರು. ಹೆಸರು ನೋಡಿ ಎಣಿಸುವವರಿಗೆ ಅವೂ ಸಿಗುವುದಿಲ್ಲ. ಎಣಿಕೆಯನ್ನೇ ನಂಬುವವರಿಗೆ ಇನ್ನೊಂದು ಸ್ವಾರಸ್ಯ: 1931ರಲ್ಲಿ, ಫ್ರೆಂಚ್ ಗಣಿತಜ್ಞ ಆಂದ್ರೆ ವೇಯ್ಲ್ ಕೊಟ್ಟ ಕುಚೋದ್ಯದ ಸಲಹೆಯಂತೆ, ಕೊಸಾಂಬಿ ತಮ್ಮ ಪ್ರಬಂಧವೊಂದರಲ್ಲಿ ಡಿ. ಬೂರ್ಬಾಕಿ ಎಂಬ ಗಣಿತಜ್ಞನನ್ನು ಉಲ್ಲೇಖಿಸಿದರು. ಅಂಥ ಮನುಷ್ಯ ಇರಲೇ ಇಲ್ಲ!

ಗೋವೆಯಲ್ಲಿ ಹುಟ್ಟಿ, ಪುಣೆಯಲ್ಲಿ ಮನೆ ಮಾಡಿ, ಡೆಕ್ಕನ್ ಕ್ವೀನ್ ರೈಲು ಹಿಡಿದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದುಹೋಗುತ್ತಿದ್ದವರನ್ನು ಒಂದೇ ಅಂಕದಲ್ಲಿ ಹಿಡಿಯುವುದಕ್ಕಿಂತ, ನಿಮ್ಮ ಮಗಳು ಒಂದೊಂದು ಶಾಸ್ತ್ರದ ಪಟ್ಟಿಯನ್ನೂ ಬೇರೆಯಾಗಿಟ್ಟು, ಆಯಾ ಶಾಸ್ತ್ರದ ಅದೇ ಕಾಲದವರೊಂದಿಗೆ ಹೋಲಿಸಿ ನೋಡಲಿ. ಮುಂದಿನ ಸಂಚಿಕೆಯಲ್ಲಿ ನಮ್ಮ ವಾಕ್ಯ ಹೀಗೆ ತಿದ್ದುಪಡಿಯಾಗುತ್ತದೆ: 'ತಳಿಶಾಸ್ತ್ರದಲ್ಲಿ ಇಂದಿಗೂ ಬಳಕೆಯಲ್ಲಿರುವ, ಇತಿಹಾಸದಲ್ಲಿ ಇಂದಿಗೂ ಚರ್ಚೆಯಲ್ಲಿರುವ ವಿದ್ವಾಂಸ.'