ಮುರಕಲ್ಲಿನ ಕೆಂಪು ಮತ್ತು ನನ್ನ ಆಕ್ರಿಲಿಕ್

ಆಕ್ರಿಲಿಕ್‌ನಲ್ಲಿ ಚಿತ್ರ ಬಿಡಿಸುವವರಿಗೆ ವಿಷಯ ಎಲ್ಲಿಂದ ಹೊಳೆಯುತ್ತದೆ, ಖಾಲಿ ಕ್ಯಾನ್ವಾಸ್‌ನಿಂದ ಚಿತ್ರ ಮುಗಿಯುವವರೆಗೆ ಏನೇನು ನಡೆಯುತ್ತದೆ, ಯಾವ ಕಲಾವಿದರಿಂದ ಸ್ಫೂರ್ತಿ ಸಿಕ್ಕಿತು ಎಂದು ಕೇಳಿದ್ದೀರಿ. ನನಗೆ ಮೊದಲು ಹೊಳೆಯುವುದು ವಿಷಯ ಅಲ್ಲ, ಬಣ್ಣ. ಯಾವುದೋ ಒಂದು ಬಣ್ಣ ಕಣ್ಣಿಗೆ ಬಿದ್ದು ಬಿಡದೆ ಕಾಡಲು ಶುರು ಮಾಡಿದರೆ ಅಲ್ಲಿಂದ ಚಿತ್ರ ಹುಟ್ಟುತ್ತದೆ. ಅದರಲ್ಲಿ ಮನೆ ಬರುತ್ತದೋ, ದೋಣಿಯೋ, ಮನುಷ್ಯರೋ ಅನ್ನುವುದು ಆಮೇಲಿನ ಮಾತು.

ನಾನಿರುವುದು ಮಂಗಳೂರಿನ ಬೋಳಾರದಲ್ಲಿ. ಇಲ್ಲಿ ಎತ್ತ ನೋಡಿದರೂ ಕೆಂಪು. ಮುರಕಲ್ಲಿನ (ಜಂಬಿಟ್ಟಿಗೆಯ) ಕಂಪೌಂಡು, ಹಂಚಿನ ಮಾಡು, ಅಗೆದಲ್ಲೆಲ್ಲ ಕೆಮ್ಮಣ್ಣು. ಪಕ್ಕದ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕೆಂಪು ಊರೂರಿಗೆ ಹೋಯಿತು. ಮುರಕಲ್ಲು ಕೆಂಪಾಗಿರುವುದು ಅದರಲ್ಲಿರುವ ಕಬ್ಬಿಣದ ಆಕ್ಸೈಡ್‌ನಿಂದ. ಸುಟ್ಟಾಗ ಹಂಚು ಕೆಂಪಾಗುವುದೂ ಜೇಡಿಮಣ್ಣಿನ ಕಬ್ಬಿಣದಿಂದಲೇ. ನನ್ನ ಬಣ್ಣದ ಪೆಟ್ಟಿಗೆಯ ಬರ್ನ್ಟ್ ಸಿಯೆನಾ (ಕೆಂಗಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ) ಟ್ಯೂಬುಗಳಲ್ಲಿ ಇರುವುದೂ ಅದೇ ಕಬ್ಬಿಣ. ಇದು ತಿಳಿದ ಮೇಲೆ ನಾನು ಗೋಡೆ ನೋಡುವ ರೀತಿಯೇ ಬದಲಾಯಿತು.

ಕರಾವಳಿಯ ಹಳೆಯ ದೇವಸ್ಥಾನಗಳಲ್ಲಿ ಕಾವಿ ಕಲೆ ನೋಡಿದ್ದೀರಾ? ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಹಚ್ಚಿ, ಅದನ್ನು ಕೆರೆದು ಒಳಗಿನ ಬಿಳಿ ತೆಗೆಯುತ್ತಾರೆ. ಎರಡೇ ಬಣ್ಣ. ಆದರೂ ಏನೂ ಕಡಿಮೆ ಅನಿಸುವುದಿಲ್ಲ. ಇನ್ನೊಂದು ಟ್ಯೂಬ್ ತೆರೆಯೋಣ ಅನಿಸಿದಾಗೆಲ್ಲ ನನಗೆ ಆ ಗೋಡೆಗಳು ನೆನಪಾಗುತ್ತವೆ.

ಇನ್ನು ಕೆಲಸ. ಮೊದಲು ಹೋಗಿ ಕೂರಬೇಕು. ಫೋಟೋ ತೆಗೆಯುತ್ತೇನೆ, ಆದರೆ ಆಕಾರಕ್ಕೆ ಮಾತ್ರ. ಬಣ್ಣದ ವಿಷಯದಲ್ಲಿ ಫೋನನ್ನು ನಂಬುವುದಿಲ್ಲ. ಮಳೆಗಾಲದ ಗೋಡೆಯನ್ನು ಅದು ಒಂದೋ ಕಂದು ಮಾಡುತ್ತದೆ, ಇಲ್ಲಾ ಕಿತ್ತಳೆ. ಹಾಗಾಗಿ ರಟ್ಟಿನ ಚೂರುಗಳು, ಕೆಲವು ಟ್ಯೂಬು, ಒಂದು ಬಾಟಲಿ ನೀರು ಹಿಡಿದುಕೊಂಡು ಹೋಗಿ ಗೋಡೆಯ ಎದುರೇ ಬಣ್ಣ ಕಲಸುತ್ತೇನೆ. ರಟ್ಟಿಗೆ ಹಚ್ಚಿ, ಒಣಗಿದ ಮೇಲೆ ಗೋಡೆಗೇ ತಾಗಿಸಿ ನೋಡುತ್ತೇನೆ. ಯಾವುದನ್ನು ಎಷ್ಟು ಸೇರಿಸಿದೆ ಎಂದು ಪಕ್ಕದಲ್ಲೇ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ.

ಒಣಗಿದ ಮೇಲೆ ಅಂದೆನಲ್ಲ, ಅದು ಮುಖ್ಯ. ಆಕ್ರಿಲಿಕ್ ಅಂದರೆ ಬಣ್ಣದ ಪುಡಿ, ನೀರು, ಆ ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ತೀರಾ ಸಣ್ಣ ಕಣಗಳು. ಒದ್ದೆ ಇರುವಾಗ ಆ ಕಣಗಳಿಂದಾಗಿ ಬಣ್ಣಕ್ಕೆ ಹಾಲು ಬೆರೆಸಿದ ಹಾಗೆ ಒಂದು ಬಿಳುಪು ಇರುತ್ತದೆ. ನೀರು ಆರಿದಂತೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಪಾರದರ್ಶಕ ಪೊರೆ ಆಗುತ್ತದೆ. ಬಿಳುಪು ಹೋಗಿ ಬಣ್ಣ ಗಾಢವಾಗುತ್ತದೆ. ಮುರಕಲ್ಲು ಇದಕ್ಕೆ ಪೂರ್ತಿ ಉಲ್ಟಾ: ನೆನೆದರೆ ಗಾಢ, ಒಣಗಿದರೆ ಪೇಲವ. ಅಂದರೆ ಮಳೆಯಲ್ಲಿ ನೆನೆದ ಗೋಡೆಯನ್ನು ಬಿಡಿಸಬೇಕಾದರೆ, ಕಣ್ಣಿಗೆ ಕಾಣುವುದಕ್ಕಿಂತ ಸ್ವಲ್ಪ ತಿಳಿಯಾಗಿಯೇ ಬಣ್ಣ ಕಲಸಬೇಕು. ಕಲಸುವಾಗ ‘ಇದಲ್ಲವಲ್ಲ’ ಅನಿಸುತ್ತದೆ. ಅನಿಸಲಿ. ಒಣಗಲು ಬಿಟ್ಟು ಆಮೇಲೆ ನೋಡಿ.

ಕ್ಯಾನ್ವಾಸಿಗೆ ಮೊದಲ ಲೇಪವಾಗಿ ಬಿಳಿ ಜೆಸ್ಸೋ ಹಚ್ಚಿ, ಅದು ಒಣಗಿದ ಮೇಲೆ ಇಡೀ ಮೈಗೆ ತೆಳುವಾಗಿ ಯೆಲ್ಲೋ ಓಕರ್ ಬಳಿಯುತ್ತೇನೆ. ಬರೀ ಬಿಳಿಯ ಮೇಲೆ ಶುರು ಮಾಡಿದರೆ ಯಾವ ಬಣ್ಣವೂ ಜಾಸ್ತಿ ಗಾಢವಾಗಿ ಕಂಡು ಕೈ ಹಿಂಜರಿಯುತ್ತದೆ. ಮೊದಲು ಕತ್ತಲಿರುವ ಜಾಗಗಳು. ಬರ್ನ್ಟ್ ಸಿಯೆನಾಗೆ ಅಲ್ಟ್ರಾಮರೀನ್ ನೀಲಿ ಸೇರಿಸಿದರೆ ಬೇಕಾದಷ್ಟು ಕಪ್ಪು ಸಿಗುತ್ತದೆ. ಟ್ಯೂಬಿನ ಕಪ್ಪು ನಾನು ಬಳಸುವುದಿಲ್ಲ, ಅದರಲ್ಲಿ ನೆರಳಿಗೆ ಜೀವ ಇರುವುದಿಲ್ಲ. ಆಮೇಲೆ ಕಲ್ಲಿನ ಕೆಂಪು. ಅದರ ಮೇಲೆ ಪಾಚಿ.

ಪಾಚಿಗಾಗಿ ನಾನು ಎಷ್ಟು ಹೊತ್ತು ಬೇಕಾದರೂ ಕೂರುತ್ತೇನೆ. ಮುರಕಲ್ಲಿನ ತೂತುಗಳ ಒಳಗೆ ಮೊದಲು ಕಪ್ಪು ಹಸಿರು ಹಿಡಿಯುತ್ತದೆ. ಅಂಚುಗಳಲ್ಲಿ ಎಳೆ ಹಸಿರು, ಬೆಳಕು ಬಿದ್ದರೆ ಹೆಚ್ಚುಕಡಿಮೆ ಹಳದಿ. ತುಳುವರ ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿಯುವಾಗ ಕೆಂಪು ಅಲ್ಲಲ್ಲಿ ಇಣುಕುವುದು ಮಾತ್ರ. ಇದನ್ನು ತರಬೇಕಾದರೆ ಕೆಂಪು ಪೂರ್ತಿ ಒಣಗಿದ ಮೇಲೆ ಹಸಿರನ್ನು ತೆಳು ಪದರವಾಗಿ ಹಚ್ಚಬೇಕು, ಅದು ಒಣಗಿದ ಮೇಲೆ ಇನ್ನೊಂದು. ಕೆಳಗಿನ ಕೆಂಪು ಹಸಿರಿನ ಮೂಲಕ ಕಾಣುತ್ತಿರುತ್ತದೆ. ಅದೇ ಎರಡು ಬಣ್ಣ ಪ್ಯಾಲೆಟ್‌ನಲ್ಲಿ ಕಲಸಿ ಹಚ್ಚಿದರೆ ಬರುವುದು ಬರೀ ಕೆಸರು. ಬಣ್ಣ ತೆಳು ಮಾಡಲು ನೀರನ್ನೇ ಸುರಿಯಬೇಡಿ, ಅಂಟು ಸಾಲದೆ ಬಣ್ಣ ಏಳುತ್ತದೆ. ಮೀಡಿಯಂ, ಅಂದರೆ ಬಣ್ಣದ ಪುಡಿ ಇಲ್ಲದ ಆಕ್ರಿಲಿಕ್ ಅಂಟು, ಬೆರೆಸಿ.

ನಮ್ಮೂರಿನ ಹವೆಯೂ ಚಿತ್ರದಲ್ಲಿ ಕೈ ಹಾಕುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಕೂತರೆ ಬ್ರಷ್ ಎತ್ತುವುದರೊಳಗೆ ಬಣ್ಣ ಒಣಗಿರುತ್ತದೆ. ಆಗ ಪ್ಯಾಲೆಟ್‌ಗೆ ನೀರು ಸ್ಪ್ರೇ ಮಾಡುತ್ತಲೇ ಇರಬೇಕು. ಮಳೆಗಾಲದಲ್ಲಿ ನಿಧಾನ. ಆಕಾಶದಂಥ ಜಾಗಗಳಲ್ಲಿ ಒಂದು ಬಣ್ಣವನ್ನು ಇನ್ನೊಂದರೊಳಗೆ ಸೇರಿಸಲು ಆ ನಿಧಾನವೇ ಅನುಕೂಲ. ಆದರೆ ಕ್ಯಾನ್ವಾಸನ್ನು ಗೋಡೆಗೆ ಒತ್ತಿ ಇಟ್ಟರೆ ಬೂಷ್ಟು ಹಿಡಿಯುತ್ತದೆ, ಹಿಂದೆ ಗಾಳಿ ಆಡಬೇಕು. ವಾರ್ನಿಷ್ ಹಚ್ಚುವುದು ದೀಪಾವಳಿ ಕಳೆದ ಮೇಲೆಯೇ. ತೇವದ ಗಾಳಿಯಲ್ಲಿ ಹಚ್ಚಿದರೆ ಅದು ಮಸುಕಾಗುವುದುಂಟು.

ಕಲಾವಿದರಲ್ಲಿ ನಾನು ಮೊದಲು ಹೇಳುವ ಹೆಸರು ಕೆ.ಕೆ. ಹೆಬ್ಬಾರರದ್ದು. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು. ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತರು, ಪ್ಯಾರಿಸ್‌ಗೂ ಹೋಗಿ ಬಂದರು. ಆದರೂ ಕೋಳಿ ಅಂಕ (ಕೋಳಿ ಕಾಳಗ), ಯಕ್ಷಗಾನ ಅವರ ಕೈ ಬಿಡಲಿಲ್ಲ. ‘ಊರಿನದ್ದನ್ನು ಬಿಡಿಸಿದರೆ ಹೊರಗಿನವರಿಗೆ ಏನು ಅರ್ಥವಾದೀತು’ ಎಂದು ಅಳುಕುವ ಹುಡುಗ ಹುಡುಗಿಯರಿಗೆ ನಾನು ಅವರ ಗೆರೆಗಳನ್ನು ತೋರಿಸುತ್ತೇನೆ. ಇನ್ನೊಬ್ಬರು ಇಟಲಿಯ ಆಂಟೋನಿಯೋ ಮೊಸ್ಕೆನಿ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಚಿತ್ರಗಳನ್ನು ಅವರು 1901ರ ಹೊತ್ತಿಗೆ ಮುಗಿಸಿದರು. ಅಲ್ಲಿನ ಫ್ರೆಸ್ಕೊಗಳು ಒದ್ದೆ ಗಾರೆಯ ಮೇಲೆ, ಗಾರೆ ಆರುವ ಮೊದಲೇ ಮುಗಿಸಬೇಕಾದ ಕೆಲಸ. ಆಕ್ರಿಲಿಕ್ ಬೇಗ ಒಣಗುತ್ತದೆ ಎಂದು ದೂರುವ ಮೊದಲು ಅಲ್ಲಿ ಹೋಗಿ ಸ್ವಲ್ಪ ಹೊತ್ತು ತಲೆ ಎತ್ತಿ ನಿಲ್ಲಿ.

ಸದ್ಯ ನನ್ನನ್ನು ಕಾಡುತ್ತಿರುವುದು ಧಕ್ಕೆಯ (ಮೀನುಗಾರಿಕೆ ಬಂದರಿನ) ಬೋಟುಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಆಗ ಬೋಟುಗಳ ರಿಪೇರಿ, ಪೈಂಟಿಂಗ್ ನಡೆಯುತ್ತದೆ. ಹಳೆಯ ಬಣ್ಣ ಕೆರೆದ ಕಡೆ ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಕೆಂಪು, ಅದರ ಕೆಳಗೆ ಬೂದು ಮರ ಕಾಣುತ್ತದೆ. ಬೋಟು ಕಂಡ ವರ್ಷಗಳೆಲ್ಲ ಆ ಒಂದು ಗೀರಿನಲ್ಲಿವೆ. ಇದಕ್ಕೆ ಆಕ್ರಿಲಿಕ್‌ಗಿಂತ ಒಳ್ಳೆಯ ಮಾಧ್ಯಮ ನನಗೆ ಗೊತ್ತಿಲ್ಲ. ಒಮ್ಮೆ ಒಣಗಿದ ಪದರ ಮತ್ತೆ ನೀರಿಗೆ ಕರಗುವುದಿಲ್ಲ. ಬೋಟಿಗೆ ಹಚ್ಚಿದ ಕ್ರಮದಲ್ಲೇ ಬಣ್ಣಗಳನ್ನು ಒಂದರ ಮೇಲೊಂದು ಹಚ್ಚಿ, ಚೆನ್ನಾಗಿ ಒಣಗಲು ಬಿಟ್ಟು, ಸ್ಯಾಂಡ್ ಪೇಪರಿನಿಂದ ಉಜ್ಜಿದರೆ ಕೆಳಗಿನವು ಒಂದೊಂದಾಗಿ ಮೇಲೆ ಬರುತ್ತವೆ. ನೀವೂ ಒಂದು ಪ್ಲೈವುಡ್ ಚೂರಿನ ಮೇಲೆ ಮಾಡಿ ನೋಡಿ. ಧೂಳು ಮೂಗಿಗೆ ಹೋಗದ ಹಾಗೆ, ನೀರಿನಲ್ಲಿ ಉಜ್ಜುವ ಪೇಪರನ್ನೇ ಕೇಳಿ ತನ್ನಿ.