ಮುಂಬೈಯಲ್ಲಿ ಅಂಗವಿಕಲರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಹೇಗೆ?
ಅಂಧೇರಿಯ ನಿಮ್ಮ ಕಚೇರಿಯ ಜಾಹೀರಾತಿಗೆ ಅಂಗವಿಕಲರು ಯಾರೂ ಅರ್ಜಿ ಹಾಕುತ್ತಿಲ್ಲ, ಏನು ಮಾಡಬೇಕು ಎಂದು ಕೇಳಿದ್ದೀರಿ. ಮೊದಲು ಆ ಜಾಹೀರಾತನ್ನೇ ಓದಿ ನೋಡಿ. ಕೂತು ಲೆಕ್ಕ ಬರೆಯುವ ಕೆಲಸಕ್ಕೂ 'ಬೈಕ್ ಓಡಿಸಲು ಬರಬೇಕು' ಅಂತ ಸುಮ್ನೆ ಸೇರಿಸಿಬಿಡುತ್ತೇವೆ, ಅಲ್ವಾ? ಅದನ್ನು ತೆಗೆಯಿರಿ. 'ಅಂಗವಿಕಲರೂ ಅರ್ಜಿ ಹಾಕಿ, ಬೇಕಾದ ಅನುಕೂಲ ತಿಳಿಸಿ' ಎಂದು ಬರೆಯಿರಿ.

ಕೆಲಸಕ್ಕೆ ಯಾರಾದರೂ ಸಿಗುತ್ತಾರಾ ಎಂದು, ಕಣ್ಣು ಕಾಣದವರಿಗಾಗಿ ಇರುವ ವರ್ಲಿಯ ನ್ಯಾಷನಲ್ ಅಸೋಸಿಯೇಷನ್ ಫಾರ್ ದ ಬ್ಲೈಂಡ್, ಕಿವಿ ಕೇಳದವರಿಗಾಗಿ ಇರುವ ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆಗಳಲ್ಲಿ ವಿಚಾರಿಸಿ.

ಹೆಚ್ಚಿನವರು ಎಡವುವುದು ಸಂದರ್ಶನದಲ್ಲಿ. ಲಿಫ್ಟ್ ಇಲ್ಲದ ಎರಡನೇ ಮಹಡಿಗೆ ಗಾಲಿಕುರ್ಚಿಯವರು ಹೇಗೆ ಬಂದಾರು? ಬೆಳಗಿನ ಹೊತ್ತು ಲೋಕಲ್ ರೈಲಿನಲ್ಲಿ ಕಾಲಿಡಲೂ ಜಾಗವಿರುವುದಿಲ್ಲ, ಹನ್ನೆರಡರ ಮೇಲೆ ಕರೆಯಿರಿ. ಕಿವಿ ಕೇಳದವರಿಗೆ ಪ್ರಶ್ನೆ ಬರೆದು ಕೊಡಿ. ಕಣ್ಣು ಕಾಣದವರಿಗೆ ಪರೀಕ್ಷೆ ಇದ್ದರೆ, ಪರದೆಯನ್ನು ಓದಿ ಹೇಳುವ ಸಾಫ್ಟ್‌ವೇರ್ ಇರುವ ಕಂಪ್ಯೂಟರ್ ಸಿದ್ಧವಿರಲಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಖಾಸಗಿಯವರೂ ಸಮಾನ ಅವಕಾಶ ನೀತಿ, ಅಂದರೆ ಅಂಗವಿಕಲರಿಗೆ ಕೆಲಸದಲ್ಲಿ ಸಮಾನ ಅವಕಾಶ ಹೇಗೆ ಕೊಡುತ್ತೇವೆ ಎಂಬುದನ್ನು, ಪ್ರಕಟಿಸಬೇಕು.