ಇದ್ದಿಲನ್ನು ನಿಷೇಧಿಸಿದರೆ ಕಾಡು ಉಳಿಯುತ್ತದೆಯೇ?

ಪ್ರಿಯ ಓದುಗರೇ,

ಕಾಡಿನ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. 'ಇದ್ದಿಲು ಹಳೇ ಕಾಲದ ಉರುವಲು, ಎಲ್ಲ ದೇಶಗಳೂ ಅದನ್ನು ಯಾಕೆ ನಿಷೇಧಿಸಬಾರದು?' ಎಂದು ಕೇಳಿದ್ದೀರಿ. ಕಾಡಿನ ಬಗ್ಗೆ ನಿಮಗಿರುವ ಕಾಳಜಿ ನನಗೂ ಇದೆ. ಆದರೆ ನಿಷೇಧವನ್ನು ನಾನು ಒಪ್ಪುವುದಿಲ್ಲ.

ಇದ್ದಿಲು ಒಲೆಗಷ್ಟೇ ಹೋಗುವುದಿಲ್ಲ. ಜಗತ್ತಿನಲ್ಲಿ ಅತಿ ಜಾಸ್ತಿ ಇದ್ದಿಲು ತಯಾರಾಗುವುದು ಬ್ರೆಜಿಲ್‌ನಲ್ಲಿ. ಅದರಲ್ಲಿ ಬಹುಪಾಲನ್ನು ಕಬ್ಬಿಣ, ಉಕ್ಕಿನ ಕಾರ್ಖಾನೆಗಳೇ ಬಳಸುತ್ತವೆ. ಅದಿರಿನಿಂದ ಕಬ್ಬಿಣ ತೆಗೆಯಲು ಬೇರೆ ಕಡೆ ಕಲ್ಲಿದ್ದಲನ್ನು ಕಾಸಿ ಮಾಡಿದ ಕೋಕ್ ಹಾಕಿದರೆ, ಮಿನಾಸ್ ಜೆರಾಯಿಸ್ ರಾಜ್ಯದ ಎಷ್ಟೋ ಕುಲುಮೆಗಳಿಗೆ ಇದ್ದಿಲು ಹಾಕುತ್ತಾರೆ. ನೆಟ್ಟು ಬೆಳೆಸಿದ ನೀಲಗಿರಿಯಿಂದ ಮಾಡಿದ್ದಾದರೆ ಅದು ಕಲ್ಲಿದ್ದಲಿಗಿಂತ ವಾಸಿ. ಕದ್ದು ಕಡಿದ ಕಾಡಿನದ್ದಾದರೆ ಅನ್ಯಾಯ.

ಇನ್ನು ತೆಂಗಿನ ಚಿಪ್ಪಿನ ಇದ್ದಿಲು. ಶ್ರೀಲಂಕಾ, ಫಿಲಿಪೈನ್ಸ್‌ಗಳಲ್ಲಿ ಇದು ದೊಡ್ಡ ಉದ್ಯಮ. ಚೆನ್ನಾಗಿ ಕಾದ ಇದ್ದಿಲಿಗೆ ಹಬೆ ಹಾಯಿಸಿದರೆ ಅದರೊಳಗೆ ಲೆಕ್ಕವಿಲ್ಲದಷ್ಟು ಸಣ್ಣ ತೂತುಗಳಾಗುತ್ತವೆ. ಒಂದು ಗ್ರಾಮಿನ ಒಳಮೈಯನ್ನು ಬಿಡಿಸಿ ಹರಡಿದರೆ ಸುಮಾರು 1,000 ಚದರ ಮೀಟರ್! ಅಷ್ಟು ಜಾಗದಲ್ಲಿ ಕೊಳೆ, ವಾಸನೆ, ಕೀಟನಾಶಕ ಎಲ್ಲ ಅಂಟಿಕೊಳ್ಳುತ್ತವೆ. ಅದಕ್ಕೇ ಅನೇಕ ದೇಶಗಳ ನಗರಗಳು ಕುಡಿಯುವ ನೀರನ್ನು ಇಂಥ ಇದ್ದಿಲಿನ ಮೂಲಕ ಸೋಸುತ್ತವೆ. ಕೆಲವು ಬಗೆಯ ವಿಷ ಹೊಟ್ಟೆಗೆ ಹೋದಾಗ ಆಸ್ಪತ್ರೆಗಳಲ್ಲಿ ಕೊಡುವುದೂ ಇಂಥದ್ದೇ ಪುಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಇದನ್ನೂ ನಿಲ್ಲಿಸಬೇಕು ಅಂತ ನೀವು ಹೇಳಲಾರಿರಿ, ಅಲ್ವಾ?

ನಿಷೇಧ ಮಾಡಿ ನೋಡಿದ ದೇಶಗಳೂ ಇವೆ. 2006ರಲ್ಲಿ ಟಾಂಜಾನಿಯಾ ಇದ್ದಿಲನ್ನು ತಡೆಯಿತು. ನಗರದ ಜನ ಅಡುಗೆಗೆ ಏನು ಮಾಡಬೇಕು? ಕೆಲವೇ ವಾರಗಳಲ್ಲಿ ಆದೇಶ ಹಿಂದಕ್ಕೆ ಹೋಯಿತು. ಸೊಮಾಲಿಯಾದ ಇದ್ದಿಲು ರಫ್ತಿನಿಂದ ಅಲ್ಲಿನ ಉಗ್ರ ಸಂಘಟನೆ ಅಲ್-ಶಬಾಬ್‌ಗೆ ಹಣ ಸಿಗುತ್ತಿತ್ತು. ಹಾಗಾಗಿ 2012ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಆ ರಫ್ತನ್ನೇ ನಿಷೇಧಿಸಿತು. ಆಮೇಲೂ ವರ್ಷಗಟ್ಟಲೆ ಹಡಗುಗಳು ಕೊಲ್ಲಿ ದೇಶಗಳಿಗೆ ಕಳ್ಳ ಮಾಲು ಸಾಗಿಸಿದವು.

ನಾವು ಹಿಡಿದು ಕೇಳಬೇಕಾದ್ದು ಮರ ಎಲ್ಲಿಯದು, ಹೇಗೆ ಸುಟ್ಟರು ಅನ್ನುವುದನ್ನು. ಆಫ್ರಿಕಾದ ಬಹಳ ಕಡೆ ಕಟ್ಟಿಗೆ ಪೇರಿಸಿ, ಮೇಲೆ ಮಣ್ಣು ಮುಚ್ಚಿ ಸುಡುತ್ತಾರೆ. ಹಾಗೆ ಸುಟ್ಟರೆ 1 ಕಿಲೋ ಇದ್ದಿಲಿಗೆ 5ರಿಂದ 10 ಕಿಲೋ ಕಟ್ಟಿಗೆ ಬೇಕು. ಒಳ್ಳೆಯ ಗೂಡಿನಲ್ಲಿ 3–4 ಕಿಲೋ ಸಾಕು. ಉಳಿದದ್ದೆಲ್ಲ ಸುಮ್ನೆ ಹೊಗೆಯಾಗಿ ಹೋಗುವ ಮರ.

ಕಾಡು ನಾಶ ತಡೆಯಲು ಐರೋಪ್ಯ ಒಕ್ಕೂಟ 2023ರಲ್ಲಿ ತಂದ ಕಾನೂನಿನಲ್ಲಿ ಇದ್ದಿಲೂ ಸೇರಿದೆ. 2020ರ ನಂತರ ಕಾಡು ಕಡಿದ ಜಾಗದ ಮಾಲು ಅಲ್ಲ ಅಂತ ಮಾರುವ ಕಂಪನಿಯೇ ತೋರಿಸಬೇಕು. ನನಗೆ ಸರಿ ಕಾಣುವ ದಾರಿ ಇದೇ. ಆದರೆ ಅದರ ಜಾರಿಯನ್ನು ಈಗಾಗಲೇ ಎರಡು ಸಲ ಮುಂದೂಡಿದ್ದಾರೆ. ನನಗೆ ಬೇಸರವಿರುವುದು ಅದಕ್ಕೆ.

— ಸಂಪಾದಕರು